ದನ, ಕುರಿ, ಕಾಡು ನಂಬಿ ದುಡಿಯುವವರಿಗೆ ಕೆಲವು ಕಿವಿಮಾತು

ಪಶು ಇಲಾಖೆಯಲ್ಲಿ ಸರ್ವಿಸ್ ಮುಗಿಸಿ ಊರು ಸೇರಿದವನು ನಾನು. ಬಹುಪಾಲು ಕೆಲಸ ಮಾಡಿದ್ದು ಸಾಗರ, ಸೊರಬ, ಹೊಸನಗರದ ಕಡೆ. ನಡುವೆ ಕೆಲವು ವರ್ಷ ಶಿರಾ, ಹಿರಿಯೂರಿನ ಕುರಿ ಸೀಮೆಯಲ್ಲೂ ಇದ್ದೆ. ಈಗ ನಮ್ಮ ಸುತ್ತಿನ ಹುಡುಗ ಹುಡುಗಿಯರು ಪಶು ಸಖಿ, ಲಸಿಕೆ ಹಾಕುವವರು, ಫಾರೆಸ್ಟ್ ವಾಚರ್, ಡೇರಿ ಸೆಕ್ರೆಟರಿ ಅಂತ ಹೊಸದಾಗಿ ಕೆಲಸಕ್ಕೆ ಸೇರುತ್ತಿದ್ದಾರೆ. ದನಕ್ಕೆ ಯಾವ ರೋಗ ಬಂದರೆ ಏನು ಮದ್ದು ಅನ್ನುವುದನ್ನು ತರಬೇತಿಯಲ್ಲಿ ಚೆನ್ನಾಗಿಯೇ ಹೇಳಿಕೊಡುತ್ತಾರೆ. ದನದಿಂದ ನಿಮಗೇ ಏನು ಬರಬಹುದು ಅನ್ನುವುದು ಮಾತ್ರ ಕೊನೆಯ ಹತ್ತು ನಿಮಿಷಕ್ಕೆ ಉಳಿದುಬಿಡುತ್ತದೆ. ಆ ಹತ್ತು ನಿಮಿಷದ ಪಾಠವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಮನೆಯ ಹಿರಿಯನೊಬ್ಬ ಜಗಲಿಯಲ್ಲಿ ಕೂರಿಸಿಕೊಂಡು ಹೇಳಿದ ಮಾತು ಅಂದುಕೊಂಡು ಕೇಳಿ.

• ಮೊದಲು ನಿಮ್ಮ ಕೈ ನೋಡಿಕೊಳ್ಳಿ. ಮಲೆನಾಡಿನಲ್ಲಿ ಅಡಿಕೆ ಸುಗ್ಗಿ ಅಂದರೆ ಗೊತ್ತಲ್ಲ, ಮೆಟ್ಟುಗತ್ತಿಯ ಮುಂದೆ ಕೂತು ಸುಲಿದ ಕೈಯಲ್ಲಿ ಹೆಬ್ಬೆರಳ ತುದಿ ಕಪ್ಪಾಗಿರುತ್ತದೆ, ಉಗುರಿನ ಬುಡ ಸೀಳಿರುತ್ತದೆ, ಬೆರಳ ಮೇಲೆಲ್ಲ ಕತ್ತಿ ತಾಗಿದ ಸಣ್ಣ ಗೆರೆಗಳು. ಅವತ್ತೇ ರಾತ್ರಿ ಕೊಟ್ಟಿಗೆಯಲ್ಲಿ ಹಸು ಈಯಲು ತಿಣುಕುತ್ತಿದ್ದರೆ ಅದೇ ಕೈ ಒಳಗೆ ಹೋಗುತ್ತದೆ. ಕಣ್ಣಿಗೆ ಕಾಣದ ಗೀರು ಸಾಕು, ರೋಗಾಣು ಒಳಗೆ ಇಳಿಯಲು. ಗಾಯವಿದ್ದರೆ ಪಟ್ಟಿ ಸುತ್ತಿ, ಅದರ ಮೇಲೆ ಗ್ಲೌಸ್ ಹಾಕಿ. ಕೃತಕ ಗರ್ಭಧಾರಣೆ ಮಾಡುವವರು ಬಳಸುವ ತೋಳುದ್ದದ ಪ್ಲಾಸ್ಟಿಕ್ ಗ್ಲೌಸ್ ದುಬಾರಿಯೇನಲ್ಲ. ಪಶು ಆಸ್ಪತ್ರೆಯಲ್ಲಿ ಕೇಳಿ, ಇಲ್ಲವಾದರೆ ಔಷಧ ಅಂಗಡಿಯಲ್ಲಿ ತರಿಸಿಕೊಳ್ಳಿ, ಕೊಟ್ಟಿಗೆಯ ಮಾಡಿನಲ್ಲೇ ಒಂದು ಡಬ್ಬಿಯಲ್ಲಿಟ್ಟಿರಿ. ಆ ಹೊತ್ತಿನಲ್ಲಿ ಕೈಗೆ ಸಿಗದ ಗ್ಲೌಸ್ ಇದ್ದೂ ಇಲ್ಲದ ಹಾಗೆ.

• ಕಂದು ಹಾಕಿದ ಹಸುವಿನ ವಿಷಯದಲ್ಲಿ ತುಂಬ ಜಾಗ್ರತೆ ಬೇಕು. ಗಬ್ಬ ಆರೇಳು ತಿಂಗಳಾದ ಮೇಲೆ ಹಸು ಕಂದು ಹಾಕಿತು, ಮಾಸು ಬೀಳಲಿಲ್ಲ ಅಂದರೆ ಅದು ಬೇರೆ ಅಂತ ತಿಳಿಯುವವರೆಗೂ ಕಂದುರೋಗ ಅಂತಲೇ ಎಣಿಸಿ ನಡೆದುಕೊಳ್ಳಿ. ಇದನ್ನೇ ಡಾಕ್ಟರು ಬ್ರುಸೆಲ್ಲೋಸಿಸ್ ಅನ್ನುವುದು. ಸತ್ತ ಕರು, ಮಾಸು, ಗರ್ಭದ ನೀರು, ಅದು ಬಿದ್ದ ಹುಲ್ಲು, ಎಲ್ಲದರಲ್ಲೂ ರೋಗಾಣು ಲೆಕ್ಕವಿಲ್ಲದಷ್ಟು ಇರುತ್ತದೆ. ನಮ್ಮ ಮನೆಗಳಲ್ಲಿ ಇದನ್ನೆಲ್ಲ ಬಳಿದು ತೆಗೆಯುವವರು ಹೆಂಗಸರು, ಅದೂ ಬರಿಗೈಯಲ್ಲಿ. ಮಾಸು ಬೀಳಲಿಲ್ಲವೆಂದು ಕೈ ಹಾಕಿ ಎಳೆಯುವುದು ಬೇಡವೇ ಬೇಡ, ಅದು ಡಾಕ್ಟರ ಕೆಲಸ. ಸತ್ತ ಕರುವನ್ನೂ ಮಾಸನ್ನೂ ತಿಪ್ಪೆಗೆ ಎಸೆದರೆ ನಾಯಿ ಎಳೆದುಕೊಂಡು ಹೋಗಿ ನಾಲ್ಕು ಕೇರಿಗೆ ಹಂಚುತ್ತದೆ. ಆಳವಾಗಿ ಗುಂಡಿ ತೋಡಿ, ಸುಣ್ಣ ಸುರಿದು ಮುಚ್ಚಿ. ಬಾವಿಯಿಂದ, ಹಳ್ಳದಿಂದ ದೂರವಿರಲಿ. ಹುಲ್ಲು ಸುಟ್ಟುಬಿಡಿ. ನೆಲಕ್ಕೆ ಬ್ಲೀಚಿಂಗ್ ಪೌಡರ್ ನೀರು ಹಾಕಿ ತೊಳೆಯಿರಿ. ಉಟ್ಟ ಬಟ್ಟೆ ಬಿಸಿನೀರಿಗೆ ಹೋಗಲಿ.

• ಈ ರೋಗ ಮನುಷ್ಯರಿಗೆ ಬಂದರೆ ಸಾಯಿಸುವುದು ಕಡಿಮೆ, ಸತಾಯಿಸುವುದು ಜಾಸ್ತಿ. ಸಂಜೆಯಾದರೆ ಜ್ವರ, ರಾತ್ರಿ ಹಾಸಿಗೆ ತೋಯುವಷ್ಟು ಬೆವರು, ಬೆಳಿಗ್ಗೆ ಸರಿಹೋದಂತೆ. ಸೊಂಟ, ಮಂಡಿ, ಕೀಲು ನೋವು. ಗಂಡಸರಿಗೆ ವೃಷಣ ಬಾತುಕೊಳ್ಳುವುದೂ ಉಂಟು, ಅದನ್ನು ನಾಚಿಕೆಯಿಂದ ಹೇಳದೆ ಉಳಿದವರನ್ನು ನಾನು ಬಲ್ಲೆ. ತಗುಲಿ ಎರಡು ವಾರಕ್ಕೂ ಬರಬಹುದು, ತಿಂಗಳುಗಳ ಮೇಲೂ ಬರಬಹುದು. ಟೈಫಾಯಿಡ್ ಅಂತ ಒಂದು ಕೋರ್ಸು, ವಾತ ಅಂತ ಒಂದು ಕೋರ್ಸು, ಎಣ್ಣೆ ತಿಕ್ಕಿಸುವುದು ಒಂದು ಸುತ್ತು, ಹೀಗೆ ವರ್ಷ ಕಳೆದುಬಿಡುತ್ತದೆ. ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ, ಸಾಮಾನ್ಯವಾಗಿ ಆರು ವಾರ ಎರಡು ಬಗೆಯ ಮಾತ್ರೆ ನುಂಗಬೇಕಾಗುತ್ತದೆ. ಹತ್ತು ದಿನಕ್ಕೆ ಹಗುರ ಅನ್ನಿಸಿತೆಂದು ಬಿಟ್ಟರೆ ಮರಳಿ ಬರುವ ಕಾಯಿಲೆ ಇದು. ಆರು ವಾರ ಅಂದರೆ ಆರು ವಾರವೇ.

• ಕಂದು ಹಾಕಿದ ಹಸುವನ್ನು ಗುಟ್ಟಾಗಿ ಸಂತೆಗೆ ಹೊಡೆಯಬೇಡಿ. ಇದನ್ನು ನಾನು ಕೈ ಮುಗಿದು ಹೇಳುತ್ತೇನೆ. ಸಾಲ ತಂದು ಕಟ್ಟಿದ ಹಸು, ಹಾಲೂ ಇಲ್ಲ ಕರುವೂ ಇಲ್ಲ ಅಂದಾಗ ಮನೆಯವರ ಸಂಕಟ ನನಗೆ ಗೊತ್ತು. ಆದರೆ ನೀವು ಮಾರುವುದು ಹಸುವನ್ನಷ್ಟೇ ಅಲ್ಲ, ಆ ರೋಗವನ್ನೂ ಇನ್ನೊಬ್ಬ ಹೆಣ್ಣುಮಗಳ ಕೈಗೆ ಮಾರುತ್ತೀರಿ. ಅವಳ ಮನೆಯಲ್ಲೂ ಹಾಲು ಕುಡಿಯುವ ಮಕ್ಕಳಿರುತ್ತಾರೆ.

• ಹೆಣ್ಣು ಕರುವಿಗೆ ನಾಲ್ಕರಿಂದ ಎಂಟು ತಿಂಗಳ ನಡುವೆ ಕಂದುರೋಗದ ಲಸಿಕೆ ಹಾಕಿಸಿ. ಜೀವಮಾನಕ್ಕೆ ಒಂದೇ ಸಲ ಸಾಕು. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆಗೆ ಇದನ್ನೂ ಉಚಿತವಾಗಿ ಹಾಕುತ್ತಾರೆ.

• ಲಸಿಕೆ ಹಾಕುವ ಮಕ್ಕಳೇ, ಈ ಮಾತು ನಿಮಗೆ ಮಾತ್ರ. ಎಸ್-19 ಅನ್ನುವ ಆ ಲಸಿಕೆಯಲ್ಲಿರುವುದು ಜೀವಂತ ರೋಗಾಣು. ಕರುವಿಗೆ ಅದು ರಕ್ಷಣೆ, ನಿಮ್ಮ ಬೆರಳಿಗೆ ಚುಚ್ಚಿದರೆ ಅದೇ ಕಾಯಿಲೆ. ಕರು ಒದರುವುದು, ಹಿಡಿದುಕೊಂಡವನು ಕೈ ಬಿಡುವುದು, ಸೂಜಿ ಹಾರಿ ನಿಮ್ಮ ಹೆಬ್ಬೆರಳಿಗೆ ನಾಟುವುದು, ಎಲ್ಲ ಒಂದು ಕ್ಷಣದ ಮಾತು. ಗ್ಲೌಸ್ ಜೊತೆಗೆ ಕನ್ನಡಕವೂ ಇರಲಿ, ಸಿರಿಂಜ್ ಸಿಡಿದು ಕಣ್ಣಿಗೆ ಹಾರುವುದುಂಟು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ, ಚುಚ್ಚಿಕೊಳ್ಳುವುದು ಹೆಚ್ಚಾಗಿ ಆಗಲೇ. ಚುಚ್ಚಿತೋ, ಸೋಪು ನೀರಲ್ಲಿ ಚೆನ್ನಾಗಿ ತೊಳೆದು, ಲಸಿಕೆಯ ಬಾಟಲಿಯನ್ನು ಜೇಬಿಗೆ ಹಾಕಿಕೊಂಡು ಅವತ್ತೇ ಮನುಷ್ಯರ ಡಾಕ್ಟರ ಹತ್ತಿರ ಹೋಗಿ. ಜ್ವರ ಬರುವವರೆಗೆ ಕಾಯುವ ವಿಷಯವಲ್ಲ, ಮುಂಜಾಗ್ರತೆಗೇ ಮಾತ್ರೆ ಶುರು ಮಾಡುತ್ತಾರೆ. ಬಸುರಿಯರು ಈ ಲಸಿಕೆಯ ಕೆಲಸಕ್ಕೆ ಹೋಗುವುದು ಬೇಡ. ಮೇಲಿನವರು ಗೊಣಗಿದರೆ ಗೊಣಗಲಿ.

• ಬಸುರಿಯರ ಮಾತು ಬಂತಲ್ಲ, ಕುರಿ ಮೇಕೆ ಮರಿ ಹಾಕುವ ಜಾಗದಿಂದಲೂ ಅವರನ್ನು ದೂರ ಇಡಿ. ಆಡು ಕುರಿಗಳ ಗರ್ಭಪಾತಕ್ಕೆ ಕಾರಣವಾಗುವ ಕೆಲವು ಸೋಂಕುಗಳು ಹೆಂಗಸರ ಗರ್ಭಕ್ಕೂ ಕೇಡು. ಅವುಗಳಲ್ಲಿ ಕ್ಯೂ ಜ್ವರ ಅನ್ನುವುದು ಒಣಗಿದ ಮಾಸಿನ ದೂಳಿನಲ್ಲೇ ಗಾಳಿಗೆ ಸೇರಿ ಉಸಿರಿಗೆ ಹೋಗುತ್ತದೆ. ದೊಡ್ಡಿ ಗುಡಿಸುವಾಗ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿ.

• ಹಸುವಿನ ಗಂಟಲಿಗೆ ಏನೋ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕುವ ಮುಂಚೆ ಒಂದು ಗಳಿಗೆ ನಿಲ್ಲಿ. ಇಡೀ ಪಟ್ಟಿಯಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹಸು ಮೇವು ಬಿಟ್ಟಿದೆ. ಬಾಯಲ್ಲಿ ಜೊಲ್ಲು ನೂಲುನೂಲಾಗಿ ಇಳಿಯುತ್ತಿದೆ. ನೀರಿನ ಬಾನಿಗೆ ಮೂತಿ ಹಾಕುತ್ತದೆ, ನುಂಗಲಾಗುವುದಿಲ್ಲ. ಕೂಗು ಒಡೆದು ಗೊಗ್ಗರಾಗಿದೆ. ಮಾವಿನ ಗೊರಟೆಯೋ ಹಲಸಿನ ತುಂಡೋ ಸಿಕ್ಕಿಕೊಂಡಿರಬೇಕು ಅಂತ ಯಜಮಾನ ತೋಳು ಏರಿಸಿ ಕೈ ಹಾಕುತ್ತಾನೆ, ಅವನ ಹೆಂಡತಿ ಬೆಲ್ಲ ತಿನ್ನಿಸಲು ನೋಡುತ್ತಾಳೆ, ಪಕ್ಕದ ಮನೆಯವನು ನಾಲಗೆ ಹಿಡಿದು ಎಳೆಯುತ್ತಾನೆ, ಮಕ್ಕಳು ಗಂಗೆದೊಗಲು ಸವರುತ್ತಾ ಅಳುತ್ತಿರುತ್ತವೆ. ಅಷ್ಟೂ ಜನ ಆ ಜೊಲ್ಲಿನಲ್ಲಿ ಕೈ ಅದ್ದಿದವರೇ. ಅದು ಹುಚ್ಚುನಾಯಿ ರೋಗವಾಗಿದ್ದರೆ? ಹಸುವಿಗೆ ರೇಬಿಸ್ ಬಂದಾಗ ಎಷ್ಟೋ ಸಲ ಮೊದಲು ಕಾಣುವುದು ಹೀಗೇ, ಗಂಟಲು ಕಟ್ಟಿದಂತೆ. ನಾಯಿ ಕಚ್ಚಿದ್ದು ಗೋಮಾಳದಲ್ಲಿ, ವಾರಗಟ್ಟಲೆ ಹಿಂದೆ, ಯಾರೂ ಕಂಡಿರುವುದಿಲ್ಲ. ಹಾಗಾಗಿ ಜೊಲ್ಲು ಸುರಿಸುವ ದನವನ್ನು ಮೊದಲು ಗಟ್ಟಿಯಾಗಿ ಕಟ್ಟಿ, ಜನರನ್ನು ಆಚೆ ಕಳಿಸಿ, ಪಶು ವೈದ್ಯರನ್ನು ಕರೆಸಿ. ಗೊರಟೆಯೇ ಸಿಕ್ಕಿದ್ದರೂ ಅವರು ಗ್ಲೌಸ್ ಹಾಕಿಕೊಂಡು ತೆಗೆಯುತ್ತಾರೆ.

• ಈಗಾಗಲೇ ಜೊಲ್ಲು ಗಾಯಕ್ಕೋ ಕಣ್ಣಿಗೋ ತಾಗಿದ್ದರೆ ಕೂಡಲೇ ತೊಳೆಯಿರಿ. ಗಾಯಕ್ಕೆ ಸೋಪು, ಹರಿಯುವ ನೀರು, ಹದಿನೈದು ನಿಮಿಷ. ಗಡಿಯಾರ ನೋಡಿಯೇ ತೊಳೆಯಿರಿ, ಯಾಕೆಂದರೆ ಹದಿನೈದು ನಿಮಿಷ ನಾವು ಅಂದುಕೊಂಡದ್ದಕ್ಕಿಂತ ಉದ್ದ. ಕಣ್ಣಿಗಾದರೆ ಬರೀ ನೀರು. ಅರಿಸಿನ, ಸುಣ್ಣ, ಕಾಫಿ ಪುಡಿ ಯಾವುದೂ ಬೇಡ. ಆಮೇಲೆ ಆಸ್ಪತ್ರೆ, ಲಸಿಕೆ, ಡಾಕ್ಟರು ಹೇಳಿದರೆ ಗಾಯದ ಸುತ್ತ ಕೊಡುವ ಇಮ್ಯುನೋಗ್ಲಾಬ್ಯುಲಿನ್. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ದನ ನಾಯಿಗಳ ಜೊತೆ ದಿನವೂ ಕೆಲಸ ಮಾಡುವ ನಿಮ್ಮಂಥವರು ಕಚ್ಚಿಸಿಕೊಳ್ಳುವ ಮುಂಚೆಯೇ ಲಸಿಕೆ ಹಾಕಿಸಿಕೊಂಡಿರಬಹುದು: ಮೊದಲ ದಿನ, ಏಳನೇ ದಿನ, ಮತ್ತೆ 21 ಅಥವಾ 28ನೇ ದಿನ. ಹಾಗೆ ಹಾಕಿಸಿಕೊಂಡವರಿಗೆ ಮುಂದೆ ಕಚ್ಚಿದರೆ ಎರಡು ಇಂಜೆಕ್ಷನ್ ಸಾಕು, ಇಮ್ಯುನೋಗ್ಲಾಬ್ಯುಲಿನ್ ಬೇಡ. ಹಳ್ಳಿ ಆಸ್ಪತ್ರೆಯಲ್ಲಿ ಅದು ಸಮಯಕ್ಕೆ ಸಿಗದೆ ಜನ ಜಿಲ್ಲಾಸ್ಪತ್ರೆಗೆ ಓಡುವುದನ್ನು ಕಂಡವನಾಗಿ ಹೇಳುತ್ತೇನೆ, ಇದು ದೊಡ್ಡ ಅನುಕೂಲ.

• ನಿನ್ನೆ ಮೇಯುತ್ತಿದ್ದ ದನ ಬೆಳಿಗ್ಗೆ ಸತ್ತು ಬಿದ್ದಿದೆ, ಹೊಟ್ಟೆ ಉಬ್ಬಿದೆ, ಮೂಗು ಬಾಯಿ ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಇಳಿಯುತ್ತಿದೆ ಅಂದರೆ ಅದನ್ನು ಕೊಯ್ಯಬೇಡಿ, ತೊಗಲು ಬಿಡಿಸಬೇಡಿ, ಮಾಂಸ ಹಂಚಬೇಡಿ. ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಇರಬಹುದು. ಅದರ ರೋಗಾಣು ಗಾಳಿ ತಾಗಿದರೆ ಗಟ್ಟಿ ಚಿಪ್ಪಿನ ಬೀಜಾಣುವಾಗಿ ನೆಲದಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಅದಕ್ಕೇ ನಾವು ವೈದ್ಯರು ಕೂಡ ಇಂಥ ಹೆಣವನ್ನು ಕೊಯ್ಯುವುದಿಲ್ಲ, ಕಿವಿಯ ನರದಿಂದ ಒಂದು ತೊಟ್ಟು ರಕ್ತವನ್ನು ಗಾಜಿನ ಮೇಲೆ ಸವರಿಕೊಂಡು ಹೋಗಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಆರಡಿ ಗುಂಡಿ, ಕೆಳಗೆ ಸುಣ್ಣ, ಮೇಲೆ ಸುಣ್ಣ, ಮೇಲೆ ಮುಳ್ಳು. ರಕ್ತ ಬಿದ್ದ ಮಣ್ಣನ್ನೂ ಕೆರೆದು ಅದೇ ಗುಂಡಿಗೆ ಹಾಕಿ. ಬೇಯಿಸಿದರೆ ಸರಿಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ. ಸತ್ತ ಕುರಿಯ ತೊಗಲು ಕುರಿಗಾಹಿಗೆ ಒಂದಿಷ್ಟು ದುಡ್ಡು ಅನ್ನುವುದು ನಿಜ, ಹಿರಿಯೂರಿನ ಸೀಮೆಯಲ್ಲಿ ಆ ದುಡ್ಡಿಗಾಗಿ ಕತ್ತಿ ಮಸೆಯುವವರನ್ನು ತಡೆದು ನಿಲ್ಲಿಸಲು ನನಗೆ ಮಾತು ಸಾಲುತ್ತಿರಲಿಲ್ಲ. ಆದರೂ ಬೇಡ. ಕೈ ಮೇಲೆ ತುರಿಕೆಯ ಗುಳ್ಳೆ ಎದ್ದು, ನೀರು ತುಂಬಿ, ಆಮೇಲೆ ನೋವೇ ಇಲ್ಲದ ಕಪ್ಪು ಹಕ್ಕಳೆಯಾದರೆ ಆ ದಿನವೇ ಆಸ್ಪತ್ರೆಗೆ ಹೋಗಿ. ನೋವಿಲ್ಲವೆಂದು ಸುಮ್ಮನಿರಬೇಡಿ. ಬೇಗ ಹೋದರೆ ಔಷಧ ಚೆನ್ನಾಗಿ ಹಿಡಿಯುತ್ತದೆ. ಮೊದಲು ಈ ರೋಗ ಬಂದಿದ್ದ ಊರುಗಳಲ್ಲಿ ಜಾನುವಾರಿಗೆ ವರ್ಷಕ್ಕೊಮ್ಮೆ ಲಸಿಕೆ ತಪ್ಪಿಸಬೇಡಿ, ನಮ್ಮ ಹೆಬ್ಬಾಳದ ಸಂಸ್ಥೆಯಲ್ಲೇ ಅದು ತಯಾರಾಗುತ್ತದೆ.

• ಕುರಿಮರಿಯ ತುಟಿಯ ಮೇಲಿನ ಹುಣ್ಣು, ಎಮ್ಮೆ ಕೆಚ್ಚಲಿನ ಸಿಡುಬು ಕೈಗೆ ಹತ್ತಿದರೆ ಹೆದರಬೇಡಿ. ಕೆಲವು ವಾರದಲ್ಲಿ ತಾನೇ ವಾಸಿಯಾಗುತ್ತದೆ. ಕೊಯ್ದು ಕೀವು ತೆಗೆಯಲು ಹೋಗಬೇಡಿ, ಮುಚ್ಚಿಡಿ, ಆ ಕೈಯಲ್ಲಿ ಮಗುವನ್ನು ಮುಟ್ಟಬೇಡಿ.

• ಕೊಟ್ಟಿಗೆ ಕೆಲಸದ ನಡುವೆ ಕವಳ ಹಾಕಬೇಡಿ. ಬೀಡಿಯೂ ಬೇಡ. ಸಗಣಿ ಗಂಜಲದ ಕೈ ಬಾಯಿಗೆ ಹೋಗಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ.

• ಹಸಿ ಹಾಲನ್ನು ನಾಲಗೆಗೆ ಹಾಕಿ ರುಚಿ ನೋಡುವ ಅಭ್ಯಾಸ ಡೇರಿಗಳಲ್ಲಿ ಇನ್ನೂ ಇದೆ. ಬಿಟ್ಟುಬಿಡಿ. ಮನೆಯಲ್ಲಿ ಹಾಲು ಉಕ್ಕುವಂತೆ ಕಾಯಿಸಿ. ನೊರೆಹಾಲು ಮಕ್ಕಳಿಗೆ ಪುಷ್ಟಿ ಅನ್ನುವ ಅಜ್ಜಿಯರ ಹತ್ತಿರ ಜಗಳ ಬೇಡ, ಅದೇ ಹಾಲನ್ನು ಕಾಯಿಸಿ ಆರಿಸಿ ಕೊಡಿ.

• ಕಾಲಿನಲ್ಲಿ ಬಿರುಕು, ಗಾಯ ಇದ್ದಾಗ ಮಳೆಗಾಲದ ಗದ್ದೆಗೆ, ತೋಟದ ಕಾಲುವೆಗೆ, ಗಂಜಲ ನಿಂತ ಕೊಟ್ಟಿಗೆಗೆ ಬರಿಗಾಲಲ್ಲಿ ಇಳಿಯಬೇಡಿ. ಇಲಿಜ್ವರ ಇಲಿಯದ್ದೇ ಅಂತಲ್ಲ, ದನ, ನಾಯಿ, ಹಂದಿಯ ಮೂತ್ರದಿಂದಲೂ ಬರುತ್ತದೆ. ಜ್ವರದ ಜೊತೆ ಮೀನಖಂಡ ಮುಟ್ಟಲಾಗದಷ್ಟು ನೋವು, ಕೆಂಪು ಕಣ್ಣು ಇದ್ದರೆ ತಡ ಮಾಡಬೇಡಿ. ಕಣ್ಣು ಹಳದಿಯಾಗುವವರೆಗೆ ಕಾಯುವುದು ಅಪಾಯ.

• ಇನ್ನು ನಮ್ಮದೇ ಕಾಡಿನ ಕಾಯಿಲೆ, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಹಿಂದೆಯೇ ಜನಕ್ಕೆ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ವೈರಸ್ ಸಿಕ್ಕಿತು, ಅದನ್ನು ಹೊತ್ತು ತರುವ ಉಣುಗೂ ಸಿಕ್ಕಿತು. ಪ್ರಯೋಗಾಲಯದಲ್ಲಿ ಆ ವೈರಸ್ ಇಟ್ಟುಕೊಂಡು ಕೆಲಸ ಮಾಡಿದ ಸಿಬ್ಬಂದಿಗೂ ಅದು ತಗುಲಿತು. ಅಂದರೆ ಮೊದಲ ದಿನದಿಂದಲೂ ಇದು ಕೆಲಸದವರನ್ನೇ ಹಿಡಿದ ಕಾಯಿಲೆ. ಸೌದೆ ತರುವವರು, ದನ ಕಾಯುವವರು, ಸೊಪ್ಪು ಕಡಿಯುವವರು, ದರಗೆಲೆ ಗುಡಿಸುವವರು. 2018-19ರಲ್ಲಿ ಸಾಗರದ ಅರಳಗೋಡು ಸುತ್ತ ಅದು ಮನೆಮನೆಗೆ ನುಗ್ಗಿದ್ದನ್ನು ನಮ್ಮ ಕಡೆ ಯಾರೂ ಮರೆತಿಲ್ಲ.

• ಕಾರ್ತಿಕ ಕಳೆದು ಮುಂಗಾರು ಬರುವವರೆಗೂ ಕಾಡಿನ ನೆಲದಲ್ಲಿ ಮರಿ ಉಣುಗುಗಳ ಕಾಲ. ಕಣ್ಣಿಗೆ ಎಳ್ಳಿನಷ್ಟೂ ಕಾಣುವುದಿಲ್ಲ. ಕಾಡಿಗೆ ಹೋಗುವುದಾದರೆ ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಆರೋಗ್ಯ ಇಲಾಖೆಯವರು ಹಂಚುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ. ವಾಸನೆ ಅಂತ ಬಾಟಲಿಯನ್ನು ನಾಗಂದಿಗೆಯ ಮೇಲೆ ಇಟ್ಟುಬಿಟ್ಟರೆ ಉಣುಗಿಗೆ ಅದು ಗೊತ್ತಾಗುವುದಿಲ್ಲ. ಕಾಡಲ್ಲಿ ದರಗಿನ ಮೇಲೆ ಕೂರಬೇಡಿ, ಮಲಗಬೇಡಿ. ಮನೆಗೆ ಬಂದವರು ಜಗಲಿ ಹತ್ತುವ ಮುಂಚೆ ಬಚ್ಚಲಿಗೆ ಹೋಗಿ, ಬಿಸಿನೀರು ಹುಯ್ದುಕೊಂಡು, ಬಟ್ಟೆಯನ್ನು ಕುದಿನೀರಿಗೆ ಹಾಕಿ. ಕಂಕುಳು, ಸೊಂಟದ ಪಟ್ಟಿ, ಮಂಡಿಯ ಹಿಂಭಾಗ, ಕಿವಿಯ ಹಿಂದೆ ಬೆರಳಾಡಿಸಿ ನೋಡಿ. ಉಣುಗು ಕಚ್ಚಿದ್ದರೆ ಚಿಮುಟದಲ್ಲಿ ಚರ್ಮದ ಹತ್ತಿರಕ್ಕೆ ಹಿಡಿದು ನೇರ ಎಳೆಯಿರಿ. ಉಗುರಿನಲ್ಲಿ ಚಿಟಕ್ಕನೆ ಒಡೆಯುವ ಚಾಳಿ ಎಲ್ಲರಿಗೂ ಇದೆ, ಬಿಡಿ.

• ದರಗೆಲೆಯನ್ನು ಕೊಟ್ಟಿಗೆಗೆ ಹಾಸುವುದು ನಮ್ಮ ಬೇಸಾಯದ ಬೇರು. ಅದನ್ನು ನಿಲ್ಲಿಸಿ ಅಂತ ಹೇಳುವವರಿಗೆ ಮಲೆನಾಡಿನ ಗೊಬ್ಬರದ ಕಥೆ ಗೊತ್ತಿಲ್ಲ. ಆದರೆ ಮಂಗ ಸತ್ತ ಬೆಟ್ಟದಿಂದ ಆ ವರ್ಷ ದರಗು ತರಬೇಡಿ. ಮಂಗ ಸಾಯುವ ಕಾಲಕ್ಕೂ ಮುಂಚೆ, ಮಳೆಗಾಲ ಮುಗಿಯುತ್ತಿದ್ದಂತೆಯೇ ಬೇಕಾದಷ್ಟು ತಂದಿಟ್ಟುಕೊಳ್ಳಿ. ಕಾಡಿಗೆ ಮೇಯಲು ಹೋಗುವ ದನಕ್ಕೆ ಉಣುಗಿನ ಔಷಧ ಹಚ್ಚಿಸಿ. ದನಕ್ಕೆ ಈ ಜ್ವರ ಬರುವುದಿಲ್ಲ, ಆದರೆ ದೊಡ್ಡ ಉಣುಗುಗಳಿಗೆ ಊಟ ಹಾಕಿ ಸಂಖ್ಯೆ ಬೆಳೆಸುವುದು ಅದೇ.

• ವಾಚರ್ ಮಕ್ಕಳೇ, ಸತ್ತ ಮಂಗವನ್ನು ಬಾಲ ಹಿಡಿದು ಎಳೆಯಬೇಡಿ. ಹೆಣ ತಣ್ಣಗಾಗುತ್ತಿದ್ದಂತೆ ಅದರ ಮೈಮೇಲಿನ ಉಣುಗುಗಳು ಸುತ್ತಲಿನ ಎಲೆಗಳಿಗೆ ಇಳಿಯುತ್ತವೆ, ಮುಂದೆ ಹೋಗುವವರು ನೀವು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಆರು ಜನರಿಗೆ ಈ ಕಾಯಿಲೆ ಬಂತು, ಅವರೆಲ್ಲ ಸತ್ತ ಮಂಗಗಳನ್ನು ಮುಟ್ಟಿ ಸುಟ್ಟ ಅರಣ್ಯದ ಕೆಲಸಗಾರರು. ಅಲ್ಲಿಯವರೆಗೆ ಆ ಕಡೆ ಅದು ಇದೆ ಅಂತಲೇ ಯಾರೂ ಎಣಿಸಿರಲಿಲ್ಲ. ಮಂಗ ಸತ್ತದ್ದು ಕಂಡರೆ ಜಾಗ ಗುರುತಿಟ್ಟು, ರೇಂಜ್ ಆಫೀಸಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಫೋನ್ ಮಾಡಿ. ಮೈ ಮುಚ್ಚುವ ಉಡುಪು, ಗ್ಲೌಸ್, ಗಂಬೂಟು ಕೊಟ್ಟರೆ ಮಾತ್ರ ಹತ್ತಿರ ಹೋಗಿ. ದಿನಗೂಲಿಯವರಿಗೂ ಅದನ್ನು ಕೊಡಬೇಕಾದದ್ದು ಮೇಲಿನವರ ಕರ್ತವ್ಯ, ಕೇಳಲು ಸಂಕೋಚ ಬೇಡ. ಒಬ್ಬನೇ ಕೇಳಲು ಕಷ್ಟವಾದರೆ ನಾಲ್ಕು ಜನ ಒಟ್ಟಾಗಿ ಬರೆದುಕೊಡಿ.

• ಈ ಕಾಯಿಲೆಯ ಹಳೆಯ ಲಸಿಕೆಯಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲವೆಂದು ಅದನ್ನು ನಿಲ್ಲಿಸಿದ್ದಾರೆ. ಅಪ್ಪನಿಗೆ ಹಿಂದೊಮ್ಮೆ ಹಾಕಿಸಿತ್ತು, ನಮಗೇನೂ ಆಗದು ಅನ್ನುವ ಧೈರ್ಯ ಬೇಡ. ಇದ್ದಕ್ಕಿದ್ದಂತೆ ಜೋರು ಜ್ವರ, ಹಣೆ ಸೀಳುವ ತಲೆನೋವು, ಮೈಯೆಲ್ಲ ಜಜ್ಜಿದ ಹಾಗೆ ನೋವು, ವಾಂತಿ, ಕೆಲವರಿಗೆ ಒಸಡಿನಲ್ಲಿ ಮೂಗಿನಲ್ಲಿ ರಕ್ತ. ಅಂಗಡಿಯಿಂದ ಆಸ್ಪಿರಿನ್, ಬ್ರೂಫೆನ್ ತಂದು ನುಂಗಬೇಡಿ, ರಕ್ತಸ್ರಾವ ಹೆಚ್ಚುತ್ತದೆ. ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದು ಮತ್ತೆ ಜ್ವರ, ನಡುಕ, ಮಂಕು ಬರುವುದೂ ಉಂಟು. ಹಾಗಾಗಿ ಎದ್ದು ಓಡಾಡುವಂತಾದ ಕೂಡಲೇ ಸೌದೆಗೆ ಹೊರಡಬೇಡಿ. ನೂರರಲ್ಲಿ ಮೂರರಿಂದ ಐದು ಜನರನ್ನು ತೆಗೆದುಕೊಂಡು ಹೋಗುವ ಕಾಯಿಲೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಜ್ವರ ಬಂದ ಮನೆಯವರನ್ನು ದೂರವಿಡುವುದು ಅನ್ಯಾಯ. ಅವರ ದನಕ್ಕೆ ಹುಲ್ಲು ಹಾಕಿ, ಹಾಲು ಕರೆದುಕೊಡಿ.

• ಜ್ವರ ಬಂದಾಗ ಡಾಕ್ಟರಿಗೆ ನಿಮ್ಮ ಕೆಲಸ ಏನೆಂದು ಹೇಳಿ. ಅವರು ಕೇಳದಿದ್ದರೂ ಹೇಳಿ. ‘ಹದಿನೈದು ದಿನದ ಹಿಂದೆ ನಮ್ಮ ಹಸು ಕಂದು ಹಾಕಿತ್ತು, ನಾನೇ ತೆಗೆದೆ’, ‘ಲಸಿಕೆ ಸೂಜಿ ಚುಚ್ಚಿತ್ತು’, ‘ಮಂಗ ಸತ್ತ ಬ್ಲಾಕಿನಲ್ಲಿ ಬೀಟ್ ಮಾಡಿದ್ದೆ’, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೈಗೆ ಕೊಟ್ಟರೂ ಆಯಿತು. 1998-99ರಲ್ಲಿ ಮಲೇಷ್ಯಾದಲ್ಲಿ ಜನ ಜ್ವರ ಬಂದು ಪ್ರಜ್ಞೆ ತಪ್ಪಿ ಸಾಯತೊಡಗಿದಾಗ ಅದನ್ನು ಜಪಾನೀಸ್ ಮಿದುಳುಜ್ವರ ಅಂದುಕೊಂಡು ಸೊಳ್ಳೆಗೆ ಹೊಗೆ ಹಾಕುತ್ತಾ, ಲಸಿಕೆ ಕೊಡುತ್ತಾ ತಿಂಗಳುಗಳೇ ಕಳೆದವು. ಕಾಯಿಲೆ ಬಿದ್ದವರು ಮಕ್ಕಳಲ್ಲ, ಹಂದಿ ಸಾಕಣೆಯಲ್ಲಿ ದುಡಿಯುವ ಗಂಡಸರು ಅನ್ನುವುದು ಕಣ್ಣ ಮುಂದೆಯೇ ಇತ್ತು. 1999ರ ಮಾರ್ಚಿನಲ್ಲಿ ಚುವಾ ಕಾವ್ ಬಿಂಗ್ ಅನ್ನುವ ವೈದ್ಯರು ಹೊಸ ವೈರಸ್ ಕಂಡುಹಿಡಿದರು. ಅದೇ ನಿಪಾ. ಆ ಹಾವಳಿ ಮುಗಿಯುವಷ್ಟರಲ್ಲಿ ನೂರಕ್ಕೂ ಹೆಚ್ಚು ಜನ ಹೋಗಿಬಿಟ್ಟಿದ್ದರು. ರೋಗಿಯ ಕಸುಬು ಯಾವುದು ಅನ್ನುವುದು ಡಾಕ್ಟರಿಗೆ ಥರ್ಮಾಮೀಟರಿನಷ್ಟೇ ಬೇಕಾದ ಸಂಗತಿ.

• ಆನೆ ಬಿಡಾರದ ಮಾವುತರು, ಕವಾಡಿಗಳಿಗೆ: ಎರಡು ವಾರ ಮೀರಿ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಕ್ಷಯ ಆನೆಯಿಂದ ನಿಮಗೂ, ನಿಮ್ಮಿಂದ ಆನೆಗೂ ದಾಟುತ್ತದೆ. ಸಕ್ರೆಬೈಲಿನಲ್ಲೋ ದುಬಾರೆಯಲ್ಲೋ ಒಂದೇ ಆನೆಯ ಜೊತೆ ಬಾಳು ಕಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

• ಕೋಳಿ ಫಾರಂನಲ್ಲಿ ಒಮ್ಮೆಲೇ ಕೋಳಿಗಳು ಸತ್ತರೆ ಬರಿಗೈಯಲ್ಲಿ ಚೀಲಕ್ಕೆ ತುಂಬಬೇಡಿ, ತಿಪ್ಪೆಗೆ ಒಗೆಯಬೇಡಿ, ಮೊದಲು ಇಲಾಖೆಗೆ ತಿಳಿಸಿ. ಆ ಕೆಲಸ ಮಾಡಿದವರಿಗೆ ಹತ್ತು ದಿನದೊಳಗೆ ಜ್ವರ, ಕೆಮ್ಮು, ಕಣ್ಣು ಕೆಂಪಾಗುವುದು ಕಂಡರೆ ಆಸ್ಪತ್ರೆಗೆ ಕಳಿಸಿ. 2024ರಲ್ಲಿ ಅಮೆರಿಕದಲ್ಲಿ ಹಕ್ಕಿಜ್ವರ ಹಸುಗಳಿಗೂ ಬಂದಾಗ ಹಾಲು ಕರೆಯುವ ಕೆಲಸದವರಲ್ಲಿ ಕಾಣಿಸಿದ್ದು ಕಣ್ಣು ಕೆಂಪಾದದ್ದೇ.

• ಮನೆಯ ನಾಯಿಗೆ ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ ಹಾಕಿಸಿ. ಕೊಟ್ಟಿಗೆಯ ಬಾಗಿಲಿಗೆ ಒಂದು ಸೋಪು, ಒಂದು ಬಕೆಟ್ ನೀರು. ಗೋಡೆಯ ಮೇಲೆ ಮಸಿಯಲ್ಲಿ ಎರಡು ನಂಬರು ದಪ್ಪಗೆ ಬರೆದಿಡಿ: ದನಕ್ಕೆ 1962, ಜನಕ್ಕೆ 108. ಓದಲು ಬಾರದ ಅಜ್ಜಿಗೆ ಅದನ್ನು ಬಾಯಿಪಾಠ ಮಾಡಿಸಿ, ಹಗಲು ಹೊತ್ತು ಮನೆಯಲ್ಲಿ ದನದ ಜೊತೆ ಇರುವವಳು ಅವಳೇ.